ಅತ್ತೆಗೆ ಕೊಟ್ಟ ಜ್ಯೇಷ್ಠಮಧು

ಹೋದ ತಿಂಗಳು ಶೃಂಗೇರಿಯ ಒಂದು ಗ್ರಂಥಿಗೆ ಅಂಗಡಿಯಲ್ಲಿ ಅಂಟುವಾಳ ಕೊಳ್ಳಲು ನಿಂತಿದ್ದೆ. ರೇಷ್ಮೆ ಸೀರೆ ಒಗೆಯಲು ಅಂಟುವಾಳವೇ ಆಗಬೇಕು ಎಂದು ಪಕ್ಕದ ಮನೆಯವರು ಹೇಳಿ ಕಳಿಸಿದ್ದರು. ಅಂಗಡಿಯವರು ನನ್ನದನ್ನು ತೂಗಿ ಕಟ್ಟುವ ಮೊದಲು ಇನ್ನೊಬ್ಬ ಗಿರಾಕಿಗಾಗಿ ಮೂಲೆಯ ಗೋಣಿಚೀಲದ ಬಾಯಿ ಬಿಚ್ಚಿದರು. ಒಣಬೇರಿನ ಧೂಳು, ಅದರೊಳಗೆ ಹಳೇ ಬೆಲ್ಲದಂಥ ಒಂದು ಸಿಹಿ. ತಿರುಗಿ ನೋಡದೆಯೇ ಗೊತ್ತಾಯಿತು, ಜ್ಯೇಷ್ಠಮಧು. ಬೇರೆಯವರಿಗೆ ಬಾಯಲ್ಲಿ ನೀರೂರುವ ವಾಸನೆ. ನಾನು ಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು ರಸ್ತೆಗೆ ಇಳಿದೆ. "ಅಮ್ಮಾ, ಅಂಟುವಾಳ ಬ್ಯಾಡ್ವಾ?" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು. ಕೊಪ್ಪದ ಬಸ್ಸು ಹತ್ತಿ ಕೂತ ಮೇಲೂ ಆ ವಾಸನೆ ಸೆರಗಿನಲ್ಲೇ ಇದೆ ಅನ್ನಿಸುತ್ತಿತ್ತು.

ಈ ಕಡೆಯವರು ಮಳೆಗಾಲಗಳನ್ನು ಗುರುತಿಟ್ಟುಕೊಳ್ಳುವುದು ಯಾವ ಸೇತುವೆ ಮುಳುಗಿತು, ಎಷ್ಟು ದಿನ ಕರೆಂಟ್ ಇರಲಿಲ್ಲ ಅನ್ನುವುದರ ಮೇಲೆ. ನನಗೆ ಗುರುತಿರುವುದು ಒಂದೇ ಮಳೆಗಾಲ, ಅದು ಈ ಬೇರಿನಿಂದ. ಅದನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿದ್ದಿಲ್ಲ. ಹೇಳಿದ ಇಬ್ಬರಿಗೂ ಅರ್ಧರ್ಧ ಹೇಳಿದ್ದೇನೆ.

ನಾನು ಕೊಪ್ಪದ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ತವರು ಹೊಸದುರ್ಗದ ಕಡೆ. ಶಿವಮೊಗ್ಗದಲ್ಲಿ ಡಿ.ಫಾರ್ಮಾ ಓದಿ ಮುಗಿಸುವ ಹೊತ್ತಿಗೆ ಸಂಬಂಧ ಕೂಡಿಬಂದು ಇಲ್ಲಿಗೆ ಸೊಸೆಯಾಗಿ ಬಂದೆ. ನನ್ನ ಗಂಡ ನಾಗರಾಜ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಕೆಳಗೆ ಅವರ ಅಂಗಡಿ, ಮೇಲೆ ನಮ್ಮ ಮನೆ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನಾದಿನಿ ಪೂರ್ಣಿಮಾಳನ್ನು ನರಸಿಂಹರಾಜಪುರಕ್ಕೆ ಕೊಟ್ಟಿತ್ತು. ಹಾಗಾಗಿ ಮನೆಯಲ್ಲಿ ನಾವು ಮೂವರು: ಇವರು, ನಾನು, ನಮ್ಮ ಅತ್ತೆ ಗಿರಿಜಮ್ಮ.

ಅತ್ತೆ ನಮ್ಮ ಬೀದಿಯ ಭಜನಾ ಮಂಡಳಿಯ ಯಜಮಾನಿ. ಹದಿನಾಲ್ಕು ಹೆಂಗಸರು, ಎರಡು ಜೊತೆ ತಾಳ, ಒಂದು ಹಾರ್ಮೋನಿಯಂ. ಶ್ರಾವಣ ಶುರುವಾದರೆ ನವರಾತ್ರಿ ಮುಗಿಯುವವರೆಗೆ ದಿನಕ್ಕೊಬ್ಬರ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಭಜನೆ. ಅತ್ತೆ ಒಂದು ಸಾಲು ಹೇಳಿದ ಮೇಲೆ ಉಳಿದವರು ಹೇಳಬೇಕು. ಅವರ ಗಂಟಲು ಅಂದರೆ ಗಂಟಲು. ಕೆಳಗೆ ಮೋಟರ್ ತಿರುಗುತ್ತಿದ್ದರೂ ಅಡುಗೆಮನೆಯ ಅವರ ಹಾಡು ರಸ್ತೆಗೆ ಕೇಳುತ್ತಿತ್ತು. ಅದೇ ಎದೆಯೊಳಗೆ ಒಂದು ಕವಾಟ ಸರಿಯಿಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯಕ್ಕೆ ಇಳಿದಿತ್ತಂತೆ. ಅದಕ್ಕೆ ದಿನಾ ಮೈಯ ನೀರು ಇಳಿಸುವ ಒಂದು ನೀರಿನ ಮಾತ್ರೆ, ಜೊತೆಗೆ ಡಿಗಾಕ್ಸಿನ್ ಎಂಬ ಪುಟ್ಟ ಬಿಳಿ ಮಾತ್ರೆ. ಈ ಎರಡನೆಯದನ್ನು ವಾರದಲ್ಲಿ ಐದೇ ದಿನ ಕೊಡಬೇಕು, ಶನಿವಾರ ಭಾನುವಾರ ಬಿಡಬೇಕು. ಅತ್ತೆ ಅದನ್ನು "ರಜೆ ಮಾತ್ರೆ" ಅನ್ನುತ್ತಿದ್ದರು. "ನಂಗೆ ಜನ್ಮದಲ್ಲಿ ರಜೆ ಸಿಗ್ಲಿಲ್ಲ, ಈ ಮಾತ್ರೆ ನೋಡು ವಾರಕ್ಕೆ ಎರಡು ದಿನ ಮಲಗ್ತದೆ" ಎಂದು ನಗುತ್ತಿದ್ದರು.

ನನ್ನ ಜೊತೆ ಮಾತ್ರ ನಗುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನಮ್ಮದು ಎಣ್ಣೆ ಸೀಗೆಕಾಯಿ. ಜಗಳವೇನೂ ಇಲ್ಲ, ಆದರೆ ನಾನು ಮಾಡಿದ ಸಾರು ಅವರಿಗೆ "ಬಯಲುಸೀಮೆ ಸಾರು", ನಾನು ಮಡಚಿಟ್ಟ ಸೀರೆಯನ್ನು ಅವರು ಬಿಡಿಸಿ ಮತ್ತೆ ಮಡಚುತ್ತಿದ್ದರು. ಮಂಡಳಿಯ ಹೆಂಗಸರ ಮುಂದೆ ನನ್ನ ಪರಿಚಯ "ನಾಗರಾಜನ ಹೆಂಡ್ತಿ". ನನ್ನ ಸೊಸೆ ಅಂತ ಬಾಯಲ್ಲಿ ಬರುತ್ತಿರಲಿಲ್ಲ. ನಾನೂ ಕಡಿಮೆಯವಳಲ್ಲ. ಅವರ ಮಾತ್ರೆಗಳನ್ನು ನನ್ನ ಕೈಯಿಂದಲೇ ಕೊಡುವುದು, ಬೆಳಿಗ್ಗೆ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಾಡಿ ಎಣಿಸುವುದು, ಅರವತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳುವುದು, ಇದು ನನ್ನ ಅಧಿಕಾರ. ಆ ಒಂದು ನಿಮಿಷ ಅವರು ನನ್ನ ಕೈಯಲ್ಲಿರುತ್ತಿದ್ದರು. ನನಗೆ ಅದರಲ್ಲಿ ಸುಖವಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಮೊದಲ ಮಳೆ ಹಿಡಿದಾಗ ಕಮ್ಮರಡಿಯಿಂದ ಯಾರೋ ಅತ್ತೆಗೆ ಎಳೆ ಕಳಲೆ ತಂದುಕೊಟ್ಟರು. ಬಿದಿರಿನ ಮೊಳಕೆ. ನಮ್ಮ ಕಡೆ ಅದನ್ನು ತಿನ್ನುವುದೇ ಇಲ್ಲ. ಅತ್ತೆ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿಟ್ಟರು. ಮಾರನೆಯ ದಿನ ಆ ನೀರು ಚೆಲ್ಲಿ ಹೊಸ ನೀರು, ಅದರ ಮಾರನೆಯ ದಿನ ಮತ್ತೆ. ನಾನು ಒಮ್ಮೆ ಆತುರಕ್ಕೆ ಎರಡನೇ ದಿನವೇ ಪಲ್ಯಕ್ಕೆ ತೆಗೆಯಲು ಹೋದೆ. ಕೈ ಹಿಡಿದರು.

"ಮೂರು ದಿನ ಆಗ್ಲಿಲ್ಲ ಮಾರಾಯ್ತಿ, ಮುಟ್ಬೇಡ. ಹಂಗೇ ತಿಂದ್ರೆ ತಲೆ ತಿರುಗಿ ಬೀಳ್ತಾರೆ. ದನಕ್ಕೂ ಆ ನೀರು ಇಡದಿಲ್ಲ."

"ಅದರಲ್ಲಿ ಸೈನೈಡ್ ಇರುತ್ತೆ ಅತ್ತೆ" ಅಂದೆ.

"ಎಂಥದಾದ್ರೂ ಇರ್ಲಿ. ಅದ್ಕೇ ನೀರು ಬದಲ್ಸದು" ಅಂದರು.

ನನಗೆ ತಡೆಯಲಾಗಲಿಲ್ಲ. ಓದಿದ್ದನ್ನು ಹೇಳಲು ಆರು ವರ್ಷಕ್ಕೆ ಒಂದು ಅವಕಾಶ. ಅಡುಗೆಮನೆಯ ಕಟ್ಟೆಗೆ ಒರಗಿ ಪಾಠ ಶುರು ಮಾಡಿದೆ. ಗಿಡಗಳು ಕೆಲವು ಸತ್ವಗಳನ್ನು ಬಿಡಿಯಾಗಿ ಇಟ್ಟುಕೊಳ್ಳುವುದಿಲ್ಲ, ಸಕ್ಕರೆಯ ಜೊತೆ ಕಟ್ಟಿಹಾಕಿ ಇಡುತ್ತವೆ. ಗ್ಲೈಕೋಸೈಡ್ ಅಂತಾರೆ. ಕಟ್ಟಿರುವಾಗ ಅದು ತೆಪ್ಪಗಿರುತ್ತದೆ. ಹೆಚ್ಚಿದಾಗ, ಅರೆದಾಗ, ನೆನೆಸಿದಾಗ ಕಟ್ಟು ಬಿಚ್ಚಿಕೊಂಡು ಒಳಗಿದ್ದದ್ದು ಹೊರಗೆ ಬರುತ್ತದೆ. ಕಳಲೆಯಲ್ಲಿ ಅದು ವಿಷ, ನೀರಿನ ಜೊತೆ ಹೋಗುತ್ತದೆ. ಸಾಸಿವೆ ಅರೆದಾಗ ಮೂಗಿಗೆ ಹತ್ತುವ ಖಾರವೂ ಅದೇ. ಅಂಟುವಾಳದ ನೊರೆ, ಹೇರಳೆಕಾಯಿ ಸಿಪ್ಪೆಯ ಕಹಿ, ಹೊಟ್ಟೆ ಕಟ್ಟಿದರೆ ಕುಡಿಯುವ ಸೋನಾಮುಖಿ, ಎಲ್ಲ ಒಂದೇ ಕುಲ. "ನಿಮ್ಮ ರಜೆ ಮಾತ್ರೆ ಕೂಡ ಅದೇ ಕುಲದ್ದು ಅತ್ತೆ. ಒಂದು ಹೂವಿನ ಗಿಡದ ಎಲೆಯಿಂದ ತೆಗೀತಾರೆ."

ಅತ್ತೆ ಕಳಲೆ ನೀರು ಬಸಿಯುತ್ತಾ ಕೇಳಿದರು. "ವೆನಿಲಾನೂ ಹಂಗೇ ಕಾಣ್ತದೆ ಹಂಗಾದ್ರೆ" ಅಂದರು. ಅವರ ತಮ್ಮ ಭಂಡಿಗಡಿಯಲ್ಲಿ ವೆನಿಲಾ ಹಚ್ಚಿದ್ದ ಕಾಲದಲ್ಲಿ ಇವರೇ ಕಾಯಿ ಹದ ಮಾಡಿಕೊಡುತ್ತಿದ್ದರಂತೆ. "ಹಸಿ ಕಾಯಿಗೆ ವಾಸ್ನೆನೇ ಇಲ್ಲ. ಬಿಸಿನೀರಲ್ಲಿ ಅದ್ದಿ, ಕಂಬಳಿ ಸುತ್ತಿ, ಬಿಸ್ಲಿಗೆ ಹಾಕಿ ತೆಗ್ದು, ತಿಂಗಳುಗಟ್ಲೆ ಜೋಪಾನ ಮಾಡಿದ್ಮೇಲೆ ಗಮ್ ಅನ್ನದು."

ಹೌದು, ಅದೂ ನನ್ನ ಪಠ್ಯಪುಸ್ತಕದ ಅದೇ ಪುಟದಲ್ಲಿತ್ತು. ನನಗೆ ಮರೆತುಹೋಗಿತ್ತು. ಏಳನೇ ಕ್ಲಾಸು ಓದಿದ ಹೆಂಗಸು ನೆನಪಿಸಿದರು. ಅವತ್ತು ಮೊದಲ ಬಾರಿ ನಾವಿಬ್ಬರೂ ಅಡುಗೆಮನೆಯಲ್ಲಿ ಕೆಲಸವಿಲ್ಲದೆ ಅರ್ಧ ಗಂಟೆ ನಿಂತು ಮಾತಾಡಿದ್ದೆವು.

ಶ್ರಾವಣಕ್ಕೆ ಇನ್ನು ಹದಿನೈದು ದಿನ ಇರುವಾಗ ಅತ್ತೆಯ ಗಂಟಲು ಕಟ್ಟಿತು. ಥಂಡಿ. ಬಿಸಿನೀರು, ಉಪ್ಪು, ಮೆಣಸಿನ ಕಷಾಯ ಎಲ್ಲ ಆಯಿತು. ಹಾಡಲು ಬಾಯಿ ತೆರೆದರೆ ಗರಗರ. ಮಂಡಳಿಯಲ್ಲಿ ಇನ್ನೊಬ್ಬಾಕೆ ಯಜಮಾನಿಕೆಗೆ ಕಾಯುತ್ತಿದ್ದಾಳೆ ಎಂಬ ಭಯ ಬೇರೆ. ಒಂದು ದಿನ ಅವರು ಕಿಟಕಿಯ ಹತ್ತಿರ ಒಬ್ಬರೇ ಕೂತು ತಾಳ ಒರೆಸುತ್ತಿದ್ದುದನ್ನು ನೋಡಿ ನನಗೆ ಕರುಳು ಚುರುಕ್ ಅಂತು. ಮಾರನೆಯ ದಿನವೇ ಅಂಗಡಿಗೆ ಬರುವ ಆಯುರ್ವೇದದ ಸಪ್ಲೈಯರ್‌ಗೆ ಹೇಳಿ ಜ್ಯೇಷ್ಠಮಧು ತರಿಸಿದೆ. ಗ್ರಂಥಿಗೆ ಅಂಗಡಿಯ ಹುಳು ಹಿಡಿದ ಪುಡಿತುಂಡಲ್ಲ. ಬೆರಳುಗಾತ್ರದ, ಒಳಗೆ ಬೆಣ್ಣೆ ಹಳದಿ ಇದ್ದ, ಕಚ್ಚಿದರೆ ನಾರು ನಾರಾಗಿ ಸಿಹಿ ಬಿಡುವ ಒಳ್ಳೆ ಮಾಲು. ಇಂಚಿಂಚಿಗೆ ಕತ್ತರಿಸಿ ಒಂದು ಬಟ್ಟೆಯ ಚೀಲ ಹೊಲಿದು ಅದರಲ್ಲಿ ಹಾಕಿ ಕೊಟ್ಟೆ. "ಒಂದೊಂದೇ ಚೂರು ದವಡೆಯಲ್ಲಿ ಇಟ್ಕೊಂಡಿರಿ. ಬೆಳಿಗ್ಗೆ ಹಾಲಿಗೂ ಪುಡಿ ಹಾಕಿ ಕುದಿಸಿ ಕೊಡ್ತೀನಿ" ಅಂದೆ.

ನಾಲ್ಕೇ ದಿನ. ಗಂಟಲು ಬಿಡಿಸಿತು. ಶ್ರಾವಣದ ಮೊದಲ ಭಜನೆ ನಮ್ಮ ಮನೆಯಲ್ಲೇ. ಅತ್ತೆ ಮೊದಲ ಸಾಲು ಎತ್ತಿಕೊಂಡರೆ ಕೆಳಗೆ ಇವರು ಮೋಟರ್ ನಿಲ್ಲಿಸಿ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರಂತೆ. ಪಾನಕ ಕೊಡುವಾಗ ಹೆಂಗಸರೆಲ್ಲ ಏನು ಮಾಡಿದ್ರಿ ಗಿರಿಜಕ್ಕ ಅಂತ ಕೇಳಿದರು. ಅತ್ತೆ ಸೊಂಟದಲ್ಲಿ ಸಿಕ್ಕಿಸಿದ್ದ ಚೀಲ ತೆಗೆದು ತೋರಿಸಿ, "ನನ್ ಸೊಸೆ ತರ್ಸಿ ಕೊಟ್ಟಿದ್ದು. ಅವ್ಳು ಔಷಧಿ ಓದಿದವ್ಳು" ಅಂದರು. ನಾನು ಲೋಟ ಹಿಡಿದುಕೊಂಡು ಒಳಗೆ ಹೋಗಿಬಿಟ್ಟೆ. ಅಳು ಬಂದಿತ್ತು.

ಅಲ್ಲಿಂದ ನನ್ನ ಒಳ್ಳೆಯ ದಿನಗಳು. ಸಾರಿಗೆ ಹೆಸರಿಡುವುದು ನಿಂತಿತು. ಹೇರಳೆಕಾಯಿ ಸಿಪ್ಪೆಯ ಗೊಜ್ಜು ಹೇಗೆ ಕಹಿ ಬಿಡಿಸಿ ಮಾಡಬೇಕು ಎಂದು ಕೈ ಹಿಡಿದು ಕಲಿಸಿದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಕಾಫಿ ಇಳಿಸಿಟ್ಟಿರುತ್ತಿದ್ದರು. ಚೀಲ ಖಾಲಿಯಾದರೆ ಚಿಕ್ಕ ಮಕ್ಕಳ ಹಾಗೆ ಬೆರಳಿಗೆ ಸಿಕ್ಕಿಸಿಕೊಂಡು ಆಡಿಸುತ್ತಾ ಬರುತ್ತಿದ್ದರು. ನಾನು ತುಂಬಿಸಿ ಕೊಡುತ್ತಿದ್ದೆ. ಗಂಟಲು ಸರಿಹೋದ ಮೇಲೂ ಕೊಟ್ಟೆ. ಭಾದ್ರಪದ ಮುಗಿಯುವ ಹೊತ್ತಿಗೆ ಅವರ ದವಡೆಯಲ್ಲಿ ಒಂದು ಚೂರು ಇಲ್ಲದ ಗಳಿಗೆ ಇರಲಿಲ್ಲ. ಬೇಡ ಅನ್ನಲು ನನಗೆ ಕಾರಣ ತೋಚಲಿಲ್ಲ. ಅವರ ಪ್ರೀತಿಗೆ ನನಗೆ ಸಿಕ್ಕಿದ್ದ ಒಂದೇ ದಾರಿ ಅದು. ನಾನೇಕೆ ಮುಚ್ಚಿಕೊಳ್ಳಲಿ?

ಈಗ ಪುಸ್ತಕದ ವಿಷಯ ಹೇಳಬೇಕು. ಜ್ಯೇಷ್ಠಮಧುವಿನ ಸಿಹಿಯೂ ಅದೇ ಕುಲದ್ದು, ಸಕ್ಕರೆಗೆ ಕಟ್ಟಿದ ಸತ್ವ. ಡಿ.ಫಾರ್ಮಾದಲ್ಲಿ ಒಂದೇ ಅಧ್ಯಾಯದಲ್ಲಿ ಡಿಗಾಕ್ಸಿನ್ ಬರುವ ಗಿಡದ ಎಲೆಯ ಚಿತ್ರ, ಎರಡು ಹಾಳೆ ಆಚೆ ಜ್ಯೇಷ್ಠಮಧು ಬೇರಿನ ಚಿತ್ರ. ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಗುರುತು ಮಾಡಿದ್ದೆ. ಜ್ಯೇಷ್ಠಮಧು ಬಹಳ ದಿನ ಬಹಳ ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ ಎಂದು ಒಂದು ಪ್ರಶ್ನೆಗೆ ಬರೆದಿದ್ದೆ. ಪೊಟ್ಯಾಸಿಯಂ ಇಳಿದವರಿಗೆ ಡಿಗಾಕ್ಸಿನ್ ಅದೇ ಪ್ರಮಾಣದಲ್ಲಿ ಕೊಟ್ಟರೂ ವಿಷವಾಗುತ್ತದೆ ಎಂದು ಇನ್ನೊಂದು ಪ್ರಶ್ನೆಗೆ ಬರೆದಿದ್ದೆ. ಎರಡಕ್ಕೂ ಒಳ್ಳೆಯ ಅಂಕ ಬಂದಿತ್ತು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ. ಮನೆಯಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. ಡಿಗಾಕ್ಸಿನ್ ಔಷಧಿ, ಅದು ಡಬ್ಬಿಯಲ್ಲಿತ್ತು. ಜ್ಯೇಷ್ಠಮಧು ಸೊಂಟದಲ್ಲಿತ್ತು, ಎಲೆಅಡಿಕೆ ಇದ್ದ ಹಾಗೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮ್ಮ ಮನೆಯಲ್ಲಿ ಅದನ್ನು ಯಾರೂ ಮದ್ದು ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ.

ನವರಾತ್ರಿಗೆ ಸ್ವಲ್ಪ ಮೊದಲು ಅತ್ತೆಯ ಕಾಲು ಊದಿತು. ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಕೊಪ್ಪದಲ್ಲೇ ನಾವು ತೋರಿಸುತ್ತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ಸಮಾಧಾನದ ಮನುಷ್ಯ. ಬಿ.ಪಿ. ನೋಡಿ ಸ್ವಲ್ಪ ಏರಿದೆ ಅಂದರು. ಕಾಲು ಒತ್ತಿ ನೋಡಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು.

"ಬೇರೆ ಎಂತಾದ್ರೂ ತಗೊಳ್ತಾರಾ? ನಾಟಿ ಔಷಧಿ, ಆಯುರ್ವೇದ, ಬೇರು ನಾರು?"

ಅತ್ತೆ ನನ್ನ ಮುಖ ನೋಡಿದರು. ಅದು ನನಗೆ ಚೆನ್ನಾಗಿ ನೆನಪಿದೆ. ಅವರು ಉತ್ತರ ನನಗೆ ಬಿಟ್ಟಿದ್ದರು.

"ಇಲ್ಲ ಸಾರ್" ಅಂದೆ. "ಒಂದು ಮಾತ್ರೆ ಆಚೀಚೆ ಆಗಲ್ಲ. ಎಲ್ಲಾ ನನ್ನ ಕೈಯಲ್ಲೇ ಕೊಡೋದು."

"ನೀವಿರುವಾಗ ನಂಗೆ ಚಿಂತೆ ಇಲ್ಲ ಬಿಡಿ" ಎಂದು ಅವರು ನೀರಿನ ಮಾತ್ರೆ ಒಂದಿದ್ದದ್ದನ್ನು ಎರಡು ಮಾಡಿದರು. ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಅಂತಲೂ ಬರೆದುಕೊಟ್ಟರು. ಅವರ ತಪ್ಪೇನೂ ಇಲ್ಲ. ಕೇಳಬೇಕಾದ್ದನ್ನು ಕೇಳಿದರು, ನಾನು ಹೇಳಿದ್ದನ್ನು ನಂಬಿದರು. ನೀರಿನ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೊರಗೆ ಹಾಕುತ್ತದೆ. ಒಳಗಿನಿಂದ ಬೇರು ಇಳಿಸುತ್ತಿತ್ತು, ಮೇಲಿನಿಂದ ನಾನು ಮಾತ್ರೆ ಕೊಡುತ್ತಿದ್ದೆ. ನವರಾತ್ರಿ ಕಳೀಲಿ, ರಕ್ತ ಪರೀಕ್ಷೆ ಆಮೇಲೆ ಮಾಡ್ಸಣ ಎಂದು ಅತ್ತೆ ಅಂದರು. ನಾನೂ ಹೂಂ ಅಂದೆ.

ಕಾಲಿನ ಊತ ಸ್ವಲ್ಪ ಇಳಿಯಿತು. ಊಟ ಬಿಟ್ಟರು. ಅನ್ನ ಕಂಡರೆ ವಾಕರಿಕೆ. ಪಿತ್ತ ಅಂದುಕೊಂಡು ಶುಂಠಿ ಕೊಟ್ಟೆವು. ಬಾಯಿ ಕಹಿ ಅಂದರು. ಬಾಯಿ ಕಹಿಯಾದವರಿಗೆ ಜ್ಯೇಷ್ಠಮಧು ಇನ್ನಷ್ಟು ಹಿತ. ಒಂದು ಸಂಜೆ ಹಜಾರದಲ್ಲಿ ಕೂತಿದ್ದವರು ಮೇಲೆ ನೋಡುತ್ತಾ, "ಟ್ಯೂಬ್‌ಲೈಟಿಗೆ ಯಾರೇ ಅರಿಶಿನ ಹಚ್ಚಿದ್ದು?" ಅಂದರು. ಇವರು ನಕ್ಕರು, ನಾನೂ ನಕ್ಕೆ. ಕಣ್ಣಿನ ಪೊರೆ ಬಲಿತಿರಬೇಕು, ಚಳಿಗಾಲದಲ್ಲಿ ಆಪರೇಷನ್ ಮಾಡಿಸಿಬಿಡೋಣ ಎಂದು ತೀರ್ಮಾನಿಸಿದೆವು. ಡಿಗಾಕ್ಸಿನ್ ಹೆಚ್ಚಾದವರಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ ಎನ್ನುವುದು ನನ್ನ ಕ್ಲಾಸಿನ ಅತಿ ದಡ್ಡ ಹುಡುಗಿಗೂ ಗೊತ್ತಿದ್ದ ಸಂಗತಿ. ಅಷ್ಟು ಸುಲಭದ ಪ್ರಶ್ನೆ ಅದು. ನನ್ನ ಮನೆಯ ಹಜಾರದಲ್ಲಿ ಯಾರೋ ಅದನ್ನು ಬಾಯಿ ಬಿಟ್ಟು ಕೇಳಿದರು, ನಾನು ನಕ್ಕೆ.

ಬೆಳಿಗ್ಗೆ ನಾಡಿ ಒಂದು ದಿನ ಐವತ್ತೆಂಟು ಇತ್ತು. ಮಾತ್ರೆ ಕೊಡಲಿಲ್ಲ. ಮಾರನೆಯ ದಿನ ಅರವತ್ತನಾಲ್ಕು, ಕೊಟ್ಟೆ. ನಿಯಮ ಪಾಲಿಸಿದೆ ಅಂತ ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ನವರಾತ್ರಿಯ ಐದನೆಯ ದಿನ ಭಜನೆ ಭಂಡಿಗಡಿಯಲ್ಲಿ, ಅತ್ತೆಯ ತಮ್ಮನ ಮನೆಯಲ್ಲಿ. ನಾನೂ ರಜೆ ಹಾಕಿ ಹೋಗಿದ್ದೆ. ಎರಡನೆಯ ಹಾಡಿಗೆ ಅತ್ತೆಯ ಕೈ ತಾಳ ತಪ್ಪಿತು. ಎಲ್ಲರೂ ಹಾಡುತ್ತಲೇ ಅವರ ಕಡೆ ನೋಡಿದರು. ನಲವತ್ತು ವರ್ಷದಲ್ಲಿ ಆ ಕೈ ತಾಳ ತಪ್ಪಿದ್ದನ್ನು ಕಂಡವರಿಲ್ಲ. ಮತ್ತೆ ಹಿಡಿದರು, ಮತ್ತೆ ತಪ್ಪಿತು. ತಾಳವನ್ನು ಮಡಿಲಲ್ಲಿ ಇಟ್ಟುಕೊಂಡರು. ಹತ್ತಿರ ಹೋಗಿ ಮಣಿಕಟ್ಟು ಹಿಡಿದೆ. ನಾಡಿ ಎರಡು ಬಡಿದು ನಿಂತು, ಮತ್ತೆ ಅವಸರವಾಗಿ ಬಡಿಯುತ್ತಿತ್ತು.

"ಎಂತ ಇಲ್ಲ ಮಾರಾಯ್ತಿ, ಕೈ ಸೋಲ್ತಾ ಉಂಟು ಅಷ್ಟೇ. ಹಾಡು ನಿಲ್ಲಿಸ್ಬೇಡಿ" ಅಂದರು.

ಅಲ್ಲಿಂದಲೇ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದೆವು. ಪೂರ್ಣಿಮಾ ನರಸಿಂಹರಾಜಪುರದಿಂದ ನೇರ ಆಸ್ಪತ್ರೆಗೇ ಬಂದಳು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ ಬಂತು. ಡಿಗಾಕ್ಸಿನ್ ನಿಲ್ಲಿಸಿ ಡ್ರಿಪ್ ಹಾಕಿದರು. ಆ ಡಾಕ್ಟರು ಚಿಕ್ಕ ವಯಸ್ಸಿನವರು. "ಈ ನೀರಿನ ಮಾತ್ರೆಯೊಂದಕ್ಕೇ ಇಷ್ಟು ಇಳಿಯಬಾರದಲ್ಲ" ಎಂದು ಚೀಟಿ ನೋಡಿಕೊಂಡು ತಮ್ಮಷ್ಟಕ್ಕೆ ಹೇಳಿದರು. ನಾನು ಅಲ್ಲೇ ನಿಂತಿದ್ದೆ. ಪೊಟ್ಯಾಸಿಯಂ ಅನ್ನುವ ಶಬ್ದ ಕೇಳಿದರೂ ನನ್ನ ತಲೆ ಎಲ್ಲೋ ಇತ್ತು.

ಮಾರನೆಯ ದಿನ ಅತ್ತೆ ಸ್ವಲ್ಪ ಚೇತರಿಸಿದ ಹಾಗೆ ಕಂಡರು. ಮಂಡಳಿಯವರು ಸಪ್ತಮಿಯ ಭಜನೆ ಎಲ್ಲಿ ಇಟ್ಟರು ಅಂತ ವಿಚಾರಿಸಿದರು. ಮೂರನೆಯ ದಿನ ಬೆಳಿಗ್ಗೆ ಪೂರ್ಣಿಮಾ ಸ್ನಾನಕ್ಕೆ ಹೋದಾಗ ನಾನು ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸುತ್ತಿದ್ದೆ. ಉಸಿರಿನಲ್ಲಿ ಆ ವಾಸನೆ ಬಂತು. ಬಾಯಿ ತೆರೆಯಿರಿ ಅಂದೆ. ದವಡೆಯಲ್ಲಿ ನಾರಾಗಿ ಹೋಗಿದ್ದ ಒಂದು ಚೂರು. ತಲೆದಿಂಬಿನ ಕೆಳಗೆ ನಾನೇ ಹೊಲಿದ ಚೀಲ.

ಅಲ್ಲಿ ಎರಡು ಪ್ರಶ್ನೆಗಳೂ ಪಕ್ಕಪಕ್ಕ ಬಂದು ಕೂತವು. ಹಳದಿ ದೀಪ, ಊದಿದ ಕಾಲು, ವಾಕರಿಕೆ, ಏರಿದ ಬಿ.ಪಿ., ತಪ್ಪಿದ ತಾಳ, ಎಲ್ಲವೂ ಒಂದೇ ಉಸಿರಿಗೆ ಅರ್ಥವಾಯಿತು. ಆ ಚೂರನ್ನು ಅವರ ಬಾಯಿಂದ ತೆಗೆದು, ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಡಾಕ್ಟರನ್ನು ಹುಡುಕಿಕೊಂಡು ಓಡಿದೆ. ವಾರ್ಡಿನ ಬಾಗಿಲಲ್ಲಿ ಸಿಕ್ಕರು. ನಿಂತಲ್ಲೇ ಹೇಳಿದೆ, ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು. ಅವರು ಚೀಲ ಬಿಚ್ಚಿ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಇದನ್ನ ಮೊದಲೇ ಹೇಳಬೇಕಿತ್ತಮ್ಮ" ಅಂದರು. ಒಳಗೆ ಹೋಗಿ ಏನೇನೋ ಬದಲಾಯಿಸಿದರು. ಮೈಯಿಂದ ಇದರ ಪ್ರಭಾವ ಹೋಗಲು ವಾರಗಳೇ ಬೇಕಾಗಬಹುದು, ಈಗಿನ ಒಂದೆರಡು ದಿನ ಕಳೆದರೆ ಸಾಕು ಎಂದರು.

ಒಂದು ದಿನವೂ ಕಳೆಯಲಿಲ್ಲ. ಅವತ್ತು ಮಧ್ಯಾಹ್ನ ಎರಡೂವರೆಗೆ ಅತ್ತೆಯ ಎದೆಬಡಿತ ಹದ ತಪ್ಪಿತು. ಓಡಿಬಂದರು, ಪರದೆ ಎಳೆದರು, ನಮ್ಮನ್ನು ಹೊರಗೆ ಕಳಿಸಿದರು. ಮೂರು ಗಂಟೆಗೆ ನಾಗರಾಜರನ್ನು ಮಾತ್ರ ಒಳಗೆ ಕರೆದರು.

ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ. ಬಂದವರೆಲ್ಲ ನನ್ನ ಕೈ ಹಿಡಿದು, "ಮಗಳಿಗಿಂತ ಹೆಚ್ಚು ನೋಡ್ಕೊಂಡೆ ಮಾರಾಯ್ತಿ, ಕಡೆಗಾಲದಲ್ಲಿ ಅವ್ರ ಗಂಟ್ಲಿಗೂ ನೀನೇ ಆದೆ" ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಸಾವಿನ ಮನೆಯಲ್ಲಿ ತಲೆಯಾಡಿಸಿದರೆ ಯಾರೂ ಅದಕ್ಕೆ ಅರ್ಥ ಕೇಳುವುದಿಲ್ಲ.

ಪುಷ್ಯ ಮಾಸದಲ್ಲಿ ಪೂರ್ಣಿಮಾ ಬಂದಳು. ನರಸಿಂಹರಾಜಪುರದಲ್ಲಿ ಅವಳೂ ಒಂದು ಮಂಡಳಿ ಶುರು ಮಾಡಿದ್ದಳು, ಅಮ್ಮನ ಹಾಡುಗಳು ಉಳಿಯಲಿ ಅಂತ. ಕಾಫಿ ಕುಡಿಯುತ್ತಾ, "ಅತ್ತಿಗೆ, ಅಮ್ಮಂಗೆ ಕೊಡ್ತಿದ್ಯಲ್ಲ ಆ ಜ್ಯೇಷ್ಠಮಧು, ನಂಗೂ ತರ್ಸಿಕೊಡು. ನಂಗೆ ಗಂಟ್ಲು ಬೇಗ ಕಟ್ತದೆ" ಅಂದಳು.

ಅವಳಿಗೆ ಕಾಯಿಲೆಯಿಲ್ಲ. ನಾಲ್ಕು ಚೂರು ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಆದರೆ ಆ ಬೇರನ್ನು ಇನ್ನೊಮ್ಮೆ ಕತ್ತರಿಸಿ ಚೀಲಕ್ಕೆ ತುಂಬಲು ನನ್ನ ಕೈಯಿಂದ ಆಗುತ್ತಿರಲಿಲ್ಲ. ಹೇಳಿಬಿಟ್ಟೆ. ಬೇರು ಏನು ಮಾಡಿತು, ಮಾತ್ರೆ ಏನು ಮಾಡಿತು ಅಂತ. ಕೊಪ್ಪದ ಡಾಕ್ಟರು ಕೇಳಿದ್ದು, ನಾನು ಇಲ್ಲ ಅಂದದ್ದು ಮಾತ್ರ ಬಾಯಿಗೆ ಬರಲಿಲ್ಲ.

ಪೂರ್ಣಿಮಾ ಲೋಟ ಕೆಳಗಿಟ್ಟಳು.

"ಆಸ್ಪತ್ರೇಲಿ ಎರಡನೇ ದಿನ ಡಾಕ್ಟ್ರು ನಿಮ್ಮ ಕಡೆ ಬೇರೆ ಎಂತಾರೂ ಔಷಧಿ ಕೊಟ್ಟಿದ್ರಾ ಅಂತ ಕೇಳಿದ್ರು ಅತ್ತಿಗೆ. ನೀನು ಕೆಳಗೆ ಹೋಗಿದ್ದೆ. ಅಮ್ಮ ಚೀಲನ ದಿಂಬಿನ ಕೆಳಗೆ ತಳ್ಳಿ ಎಂತ ಇಲ್ಲ ಅಂದ್ಲು. ಅವ್ರು ಹೋದ್ಮೇಲೆ ನನ್ನ ಕೈ ಹಿಡ್ಕೊಂಡು, 'ಸುಮ್ನಿರು ಕೂಸೆ. ಅವ್ಳು ಆಸೆಯಿಂದ ತಂದು ಕೊಟ್ಟಿದ್ದು. ಇವ್ರು ಎಂತಾರೂ ಅಂದ್ರೆ ಅವ್ಳು ನೊಂದ್ಕೊತಾಳೆ' ಅಂದ್ಲು. ಬಾಯಿ ಒಣಗ್ತದೆ ಅಂದಿದ್ದಕ್ಕೆ ಎರಡು ಚೂರು ನಾನೇ ಕೊಟ್ಟೆ." ಅವಳು ನನ್ನ ಕಡೆ ತಿರುಗಿದಳು. "ಅದ್ರಿಂದ್ಲಾ ಅತ್ತಿಗೆ?"

"ಅಲ್ಲ" ಅಂದೆ. "ನಿನ್ನ ಎರಡು ಚೂರಿಂದ ಅಲ್ಲ ಪೂರ್ಣಿ. ನನ್ನ ಎರಡೂವರೆ ತಿಂಗಳಿಂದ."

ಅದು ನಿಜ. ಅವಳನ್ನು ಸಮಾಧಾನ ಮಾಡಲು ಹೇಳಿದ ಸುಳ್ಳಲ್ಲ. ಅವಳು ಕಣ್ಣೊರೆಸಿಕೊಂಡು, "ಅಣ್ಣಂಗೆ ಹೇಳ್ಬೇಡ" ಅಂದಳು. ನನ್ನ ಮೇಲಿನ ಕರುಣೆಯೋ, ಅಣ್ಣನ ಮೇಲಿನದೋ, ತನ್ನ ಎರಡು ಚೂರಿನ ಭಯವೋ, ನಾನು ಕೇಳಲಿಲ್ಲ.

ಒಂಬತ್ತು ತಿಂಗಳು ಹೇಳಲಿಲ್ಲ. ವರ್ಷದ ತಿಥಿಯ ದಿನ ಊಟಕ್ಕೆ ಕೂತಿದ್ದಾಗ ಅತ್ತೆಯ ತಮ್ಮ, ಅಕ್ಕ ಇನ್ನೊಂದು ಹತ್ತು ವರ್ಷ ಇರ್ಬೇಕಿತ್ತು ಅಂದರು. ಇವರು ಬಡಿಸುತ್ತಿದ್ದವರು ನಿಂತು, "ಆ ಕವಾಟ ಇಟ್ಕೊಂಡು ಅಮ್ಮ ಇಷ್ಟು ದಿನ ಇದ್ದದ್ದೇ ಇವಳಿಂದ ಮಾವ. ಇವಳು ಮೆಡಿಕಲ್‌ನಲ್ಲಿ ಇಲ್ದಿದ್ರೆ ಯಾವತ್ತೋ ಹೋಗ್ತಿದ್ಲು" ಅಂದರು. ಮಾತು ಕಡಿಮೆಯ ಮನುಷ್ಯ. ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದೇ ಅಪರೂಪ. ಪೂರ್ಣಿಮಾ ಎಲೆಯಿಂದ ತಲೆ ಎತ್ತಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಸಂಜೆ ಅವರ ಅಂಗಡಿಗೆ ಇಳಿದೆ. ತಾಮ್ರದ ತಂತಿ ಸುತ್ತುತ್ತಿದ್ದರು. ಹೇಳಿದೆ. ಪೂರ್ಣಿಮಾಳ ಎರಡು ಚೂರು, ಅವರ ಅಮ್ಮ ಚೀಲ ಬಚ್ಚಿಟ್ಟದ್ದು ಹೇಳಲಿಲ್ಲ, ಅದು ಹೇಳಲು ನನಗೆ ಹಕ್ಕಿಲ್ಲ ಅನ್ನಿಸಿತು. ಬೇರು, ಮಾತ್ರೆ ಏನು ಮಾಡಿದವು ಎಂದು ಹೇಳಿದೆ, ಕೊಪ್ಪದ ಡಾಕ್ಟರು ಕೇಳಿದಾಗ ಇಲ್ಲ ಅಂದೆವು ಅಂತಲೂ ಹೇಳಿದೆ. ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಆ ಸುರುಳಿ ಮುಗಿದ ಮೇಲೆ ತಂತಿ ಕತ್ತರಿಸಿ ಒಂದೇ ಮಾತು ಕೇಳಿದರು.

"ಇಲ್ಲಿ ನಮ್ಮ ಡಾಕ್ಟ್ರು ಬೇರೆ ಎಂತಾದ್ರೂ ತಗೊಳ್ತಾರಾ ಅಂತ ಕೇಳಿದಾಗ, ಇಲ್ಲ ಅಂದಿದ್ದು ಅಮ್ಮನಾ, ನೀನಾ?"

"ನಾನು."

"ಹೂಂ" ಅಂದರು.

ಅಷ್ಟೇ. ಜಗಳವಾಗಲಿಲ್ಲ. ರಾತ್ರಿ ಊಟ ಮಾಡಿದರು, ಬೆಳಿಗ್ಗೆ ಎಂದಿನಂತೆ ಕಾಫಿ ಕೇಳಿದರು. ಇದಾಗಿ ಈಗ ಮೂರು ವರ್ಷ. ನಾನು ಈಗ ಅಂಗಡಿಗೆ ಬರುವ ಪ್ರತಿಯೊಬ್ಬರನ್ನೂ ಬಾಯಲ್ಲಿ ಏನು ಇಟ್ಟುಕೊಳ್ಳುತ್ತೀರಿ, ಏನು ಕಷಾಯ ಕುಡಿಯುತ್ತೀರಿ ಎಂದು ಪೀಡಿಸುತ್ತೇನೆ. "ನಿಮ್ದೊಂದು ಪೋಲೀಸ್ ವಿಚಾರಣೆ ಮಾರಾಯ್ರೆ" ಎಂದು ನಗುತ್ತಾರೆ. ಹೋದ ಚಳಿಗಾಲದಿಂದ ಇವರಿಗೂ ಬಿ.ಪಿ. ಮಾತ್ರೆ ಶುರುವಾಗಿದೆ. ನನ್ನ ಅಂಗಡಿ ದಾಟಿಕೊಂಡು ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಂದು ಮೆಡಿಕಲ್‌ನಿಂದ ತರುತ್ತಾರೆ.